ತೆರೆದ ಗ್ರಂಥದೊಳಗಣ ಮುಚ್ಚಿದ ಪಾಠ: ಲಿನಕ್ಸ್ ಕರ್ನಲ್ ಮತ್ತು ಫರ್ಮ್‌ವೇರ್

ಗಣಕಯಂತ್ರದ ಅಂಗಗಳನ್ನೆಲ್ಲ ನಿಯಮಿಸಿ ನಡೆಸುವ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬುವರು ರಚಿಸಲಾರಂಭಿಸಿದ ಲಿನಕ್ಸ್ ಅಂತಹದೊಂದು ಕರ್ನಲ್. 1992ರಿಂದ ಅದು ಜಿ.ಪಿ.ಎಲ್. ಎಂಬ ಪರವಾನಗಿಗೆ ಒಳಪಟ್ಟಿದೆ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಂಚುವವನು ಮೂಲಪಾಠವನ್ನೂ ಒದಗಿಸತಕ್ಕದ್ದು.

ಹೀಗಿದ್ದರೂ ಈ ತೆರೆದ ಗ್ರಂಥದಲ್ಲಿ ಬಹುಕಾಲ ಕೆಲವು ಮುಚ್ಚಿದ ಪಾಠಗಳಿದ್ದುವು. ವೈಫೈ ಚಿಪ್ ಮೊದಲಾದ ಉಪಕರಣಗಳೊಳಗಿನ ಸಣ್ಣ ಪ್ರೊಸೆಸರಿನಲ್ಲಿ ನಡೆಯುವ ತಂತ್ರಾಂಶವೇ ಫರ್ಮ್‌ವೇರ್. ಅನೇಕ ಉಪಕರಣಗಳಿಗೆ ಇದನ್ನು ಕರ್ನಲೇ ಒಯ್ದು ತಲುಪಿಸುವುದು. ತಯಾರಕರು ಬಹುಮಟ್ಟಿಗೆ ಇದರ ಮೂಲವನ್ನು ತಮ್ಮಲ್ಲಿಟ್ಟುಕೊಂಡು ಯಂತ್ರಭಾಷೆಯ ರೂಪವನ್ನು ಮಾತ್ರ ಕೊಡುವರು. ಕರ್ನಲಿನ ಪಾಠದೊಳಗೆ ಅದು ಸಂಖ್ಯೆಗಳ ದೀರ್ಘಪಂಕ್ತಿಯಾಗಿ ಸೇರಿಕೊಂಡಿತ್ತು.

ಸಂಖ್ಯೆಗಳು ಕಣ್ಣಿಗೆ ಕಾಣುವುದರಿಂದ ಅದನ್ನು ಮೂಲಪಾಠವೆನ್ನಬಹುದೆ? ಕೃತಿಯನ್ನು ಮಾರ್ಪಡಿಸುವುದಕ್ಕೆ ಯಾವ ರೂಪವು ಮೇಲಾದುದೋ ಅದೇ ಮೂಲವೆಂಬುದು ಜಿ.ಪಿ.ಎಲ್. ಹೇಳುವ ಲಕ್ಷಣ. ತಯಾರಕನು ತಿದ್ದುವುದು ತನ್ನಲ್ಲಿರುವ ಬೇರೊಂದು ಪಾಠವನ್ನೇ ಹೊರತು ಈ ಪಂಕ್ತಿಯನ್ನಲ್ಲ. ಆದುದರಿಂದ ಅಕ್ಷರವು ಕಂಡರೂ ಲಕ್ಷಣವು ಹೊಂದದು.

ಇದಕ್ಕೆ ಪೂರ್ವಪಕ್ಷವುಂಟು. ಫರ್ಮ್‌ವೇರ್ ನಡೆಯುವುದು ಉಪಕರಣದಲ್ಲಿ, ಕರ್ನಲಿನಲ್ಲಲ್ಲ. ಮುದ್ರೆಯೊತ್ತಿದ ಓಲೆಯನ್ನು ತಂದವನಿಗೆ ಅದರೊಳಗಣ ವಾಕ್ಯಗಳ ಹೊಣೆಯಿಲ್ಲ ಎಂಬುದು ಅವರ ವಾದ. ಈ ವಾದಕ್ಕೆ ಬಲವಿಲ್ಲದಿಲ್ಲ. ಫರ್ಮ್‌ವೇರನ್ನು ಕ್ರಮೇಣ ಬೇರೆ ಭಂಡಾರಕ್ಕೆ ಸಾಗಿಸಿ, 2017ರ 4.14ನೆಯ ಆವೃತ್ತಿಯಲ್ಲಿ ಕರ್ನಲಿನೊಳಗೆ ಅದಕ್ಕಿದ್ದ ಕೋಶವನ್ನೇ ತೆಗೆದುಹಾಕಲಾಯಿತು.

ಆದರೆ ಸ್ಥಾನವು ಬದಲಾದ ಮಾತ್ರಕ್ಕೆ ಸ್ವಭಾವವು ಬದಲಾಗದು. ಡೆಬಿಯನ್ ಎಂಬ ಲಿನಕ್ಸ್ ಸಂಚಯದ ಚರಿತ್ರೆ ಇದಕ್ಕೆ ನಿದರ್ಶನ. 2011ರ 6ನೆಯ ಆವೃತ್ತಿಯಲ್ಲಿ ಅದು ಮುಚ್ಚಿದ ಫರ್ಮ್‌ವೇರನ್ನು ತನ್ನ ಕರ್ನಲಿನಿಂದ ಪ್ರತ್ಯೇಕಿಸಿತು. ಅಧಿಕೃತ ಸ್ಥಾಪನಾಸಾಧನದಲ್ಲಿ ಅದು ದೊರೆಯದಿದ್ದುದರಿಂದ ವೈಫೈಯನ್ನೇ ನಂಬಿದ ಯಂತ್ರಗಳಲ್ಲಿ ಸ್ಥಾಪನೆಯೇ ದುಸ್ಸಾಧ್ಯವಾಗುತ್ತಿತ್ತು. 2022ರಲ್ಲಿ ಸದಸ್ಯರು ಮತದಾನದಿಂದ ಅದನ್ನು ಆ ಸಾಧನದೊಳಕ್ಕೆ ಸೇರಿಸಲೊಪ್ಪಿದರು. 2023ರ 12ನೆಯ ಆವೃತ್ತಿ ಹಾಗೆಯೇ ಹೊರಬಂದಿತು.

ಕರ್ನಲಿನಲ್ಲಿ ದೋಷ ಕಂಡರೆ ಬಲ್ಲವನು ತಿದ್ದಬಹುದು. ಫರ್ಮ್‌ವೇರಿನಲ್ಲಿ ಕಂಡರೆ ತಯಾರಕನನ್ನೇ ಕಾಯಬೇಕು; ಅವನು ಕೈಬಿಟ್ಟರೆ, ಹಣ ತೆತ್ತು ಕೊಂಡವನಿಗೂ ಸಾಮಾನ್ಯವಾಗಿ ಉಪಾಯವಿಲ್ಲ. ಉಪಕರಣದಲ್ಲಿಯೇ ಅಚ್ಚೊತ್ತಿ ಬಂದ ಫರ್ಮ್‌ವೇರಿಗೂ ಈ ಮಾತು ಸಲ್ಲುವುದು. ಅದು ಕಣ್ಣಿಗೆ ಬೀಳದುದರಿಂದ ಚರ್ಚೆಗೆ ಬಾರದು, ಅಷ್ಟೆ. ಹಂಚುವ ಅನುಮತಿ ಬೇರೆ, ತಿದ್ದುವ ಸ್ವಾತಂತ್ರ್ಯ ಬೇರೆ. ಆದುದರಿಂದ ಒಂದು ಗಣಕವ್ಯವಸ್ಥೆಯನ್ನು ತೆರೆದುದೆಂದು ಕರೆಯುವವರು ಅದರ ತೆರವು ಎಲ್ಲಿಗೆ ಮುಗಿಯುವುದೆಂಬುದನ್ನೂ ಹೇಳತಕ್ಕದ್ದು.