ಮುರಿದ ಮೂಳೆಗೆ ಸುಣ್ಣದ ಸೇತುವೆ

ಅಂಧೇರಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಗೋಖಲೆ ಸೇತುವೆಯ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. 2018ರ ಜುಲೈ 3ರಂದು ಅದರ ಕಾಲುದಾರಿಯ ಭಾಗವು ರೈಲುಹಳಿಗಳ ಮೇಲೆ ಕುಸಿಯಿತು. 2022ರ ನವೆಂಬರಿನಲ್ಲಿ ಸೇತುವೆಯನ್ನು ಮುಚ್ಚಲಾಯಿತು. ಹೊಸದನ್ನು ಕಟ್ಟಿ 2024ರ ಫೆಬ್ರುವರಿಯಲ್ಲಿ ಒಂದು ಪಾರ್ಶ್ವವನ್ನು ತೆರೆದಾಗ ನೋಡಿದರೆ, ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೂ ಇದಕ್ಕೂ ಮಟ್ಟವೇ ಹೊಂದಲಿಲ್ಲ! ಹಳೆಯದನ್ನು ಜಾಕುಗಳಿಂದ ಎತ್ತಿ ಕೂಡಿಸುವ ಹೊತ್ತಿಗೆ ಜುಲೈ ಬಂದಿತ್ತು. ಹೊಸ ತುಂಡು ಎಷ್ಟೇ ಗಟ್ಟಿಯಾಗಿರಲಿ, ಹಳೆಯದರೊಡನೆ ಕೂಡದಿದ್ದರೆ ಪ್ರಯೋಜನವಿಲ್ಲ. ಮೂಳೆವೈದ್ಯರ ಮುಂದಿರುವ ಸಮಸ್ಯೆಯೂ ಇದೇ ಬಗೆಯದು.

ಸಾಧಾರಣ ಮುರಿತವನ್ನು ದೇಹವು ತಾನೇ ಬೆಸೆದುಕೊಳ್ಳುತ್ತದೆ. ಸರಿಯಾಗಿ ಕೂಡಿಸಿ ಅಲುಗದಂತೆ ಇರಿಸಿದರೆ ಸಾಕು. ಆದರೆ ಅಪಘಾತದಲ್ಲಿ ಮೂಳೆಯ ಚೂರೇ ನಷ್ಟವಾದಾಗ ಅಥವಾ ಗಡ್ಡೆಯನ್ನು ಕೆರೆದು ತೆಗೆದ ಮೇಲೆ ಕುಳಿ ಉಳಿದಾಗ, ಆ ತೆರವನ್ನು ತುಂಬಲು ಏನಾದರೊಂದು ಬೇಕು. ರೋಗಿಯ ಸೊಂಟದ ಎಲುಬಿನಿಂದಲೇ ತೆಗೆದ ಚೂರು ಇದಕ್ಕೆ ಅತ್ಯುತ್ತಮವೆಂದು ಇಂದಿಗೂ ಪರಿಗಣಿತವಾಗಿದೆ. ಆದರೆ ಒಂದು ಗಾಯವನ್ನು ಮಾಯಿಸಲು ಇನ್ನೊಂದು ಗಾಯ ಮಾಡಬೇಕು. ಆ ಸೊಂಟದ ನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುವುದುಂಟು. ಎರಡನೆಯ ದಾರಿ ದಾನಿಗಳ ಮೂಳೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕು 1988ರಲ್ಲಿ ಆರಂಭವಾಯಿತು. ಅಲ್ಲಿ ಸಂಗ್ರಹಿಸಿದ ಮೂಳೆಯನ್ನು ಗಾಮಾ ಕಿರಣಗಳಿಂದ ಶುದ್ಧಿಗೊಳಿಸಿ ಒದಗಿಸಲಾಗುತ್ತದೆ. ಹಣದ ಬ್ಯಾಂಕಿಗೆ ದೊರೆಯುವಷ್ಟು ಠೇವಣಿದಾರರು ಇಂಥ ಬ್ಯಾಂಕಿಗೆ ದೊರೆಯುವುದಿಲ್ಲವೆಂಬುದನ್ನು ಬೇರೆ ಹೇಳಬೇಕೆ?

ಮೂರನೆಯದು ಮಾನವನಿರ್ಮಿತ ಮೂಳೆದ್ರವ್ಯ. ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜವೇ. ಅದು ಅಪಟೈಟ್ ಎಂಬ ಶಿಲಾಖನಿಜದ ಕುಲಕ್ಕೆ ಸೇರಿದ್ದೆಂದು 1926ರಲ್ಲಿ ಡಿ ಯೋಂಗ್ ಎಂಬ ವಿಜ್ಞಾನಿ ಕ್ಷ-ಕಿರಣಗಳ ನೆರವಿನಿಂದ ತೋರಿಸಿದರು. ಸುಣ್ಣದ ಮೂಲವಾದ ಕ್ಯಾಲ್ಸಿಯಂ, ರಂಜಕದಿಂದಾದ ಫಾಸ್ಫೇಟ್, ಇವೆರಡೂ ಸೇರಿದ ಹೈಡ್ರಾಕ್ಸಿಅಪಟೈಟ್ ಅದರ ಹತ್ತಿರದ ಬಂಧು. ಆದರೆ ನಮ್ಮ ಮೂಳೆಯಲ್ಲಿ ಈ ಖನಿಜವು ಕಲ್ಲಿನಂತೆ ಇಡಿಯಾಗಿಲ್ಲ. ಕೆಲವೇ ನ್ಯಾನೊಮೀಟರ್ ದಪ್ಪದ ಹಲ್ಲೆಗಳಾಗಿ ನಾರಿನ ನಡುವೆ ಹುದುಗಿದೆ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್.

ತಯಾರಿಕೆಯ ವಿಧಾನ ಕೇಳುವುದಕ್ಕೆ ಸರಳ. ಶುದ್ಧವಾದ ಸುಣ್ಣದ ನೀರನ್ನು ಕದಡುತ್ತ ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಬೇಕು. ದ್ರಾವಣದ ಕ್ಷಾರಗುಣ ಇಳಿಯದಂತೆ ನೋಡಿಕೊಳ್ಳಬೇಕು. ಹಾಲಿನಂಥ ಬಿಳಿಯ ಗಸಿ ಮೂಡುತ್ತದೆ. ಅದನ್ನು ಹದಗೊಳ್ಳಲು ಬಿಟ್ಟು, ತೊಳೆದು, ಸೋಸಿ, ಒಣಗಿಸಿದರೆ ನ್ಯಾನೊ ಗಾತ್ರದ ಹರಳುಗಳ ಪುಡಿ ಸಿದ್ಧ. ಕಷ್ಟವಿರುವುದು ಲೆಕ್ಕದಲ್ಲಿ. ಕ್ಯಾಲ್ಸಿಯಂ ಪರಮಾಣು ಹತ್ತಾದರೆ ರಂಜಕದವು ಆರು, ಅಂದರೆ 1.67ರ ಪ್ರಮಾಣ. ಕ್ಯಾಲ್ಸಿಯಂ ಹೆಚ್ಚಾದರೆ ಸುಟ್ಟ ಮೇಲೆ ಬಿಡಿಸುಣ್ಣ ಉಳಿದು, ತೇವವನ್ನು ಹೀರಿ ಉಬ್ಬಿ, ತುಂಡನ್ನೇ ಸೀಳುತ್ತದೆ. ಕಡಿಮೆಯಾದರೆ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಹುಟ್ಟುತ್ತದೆ; ಇದು ದೇಹದಲ್ಲಿ ಬೇಗ ಕರಗುವ ಜಾತಿ. ಜಮಾ-ಖರ್ಚು ತಾಳೆಯಾಗದಿದ್ದರೆ ಸುಮ್ಮನಿರದ ವಸ್ತುವಿದು.

ಇನ್ನು ಸುಡುವ ಹಂತ. ಪುಡಿಯನ್ನು ಒತ್ತಿ 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಪಿಂಗಾಣಿಯಂತೆ ಗಟ್ಟಿಯಾಗುತ್ತದೆ. ಆದರೆ ಅದೇ ಶಾಖದಲ್ಲಿ ಹರಳುಗಳು ಒಂದನ್ನೊಂದು ನುಂಗಿ ದಪ್ಪಗಾಗುತ್ತವೆ. ಇಷ್ಟು ಜತನದಿಂದ ಪಡೆದ ಸೂಕ್ಷ್ಮತೆಯು ಕುಲುಮೆಯಲ್ಲಿ ಕಳೆದುಹೋಗುತ್ತದೆ. ಅದರಿಂದೇನು ನಷ್ಟ? ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಬಾಳುದ್ದಕ್ಕೂ ದುಡಿಯುತ್ತಿರುತ್ತವೆ. ಒರಟು ಹರಳಿನ ಗಟ್ಟಿ ತುಂಡು ಅವುಗಳ ಕೈಗೆ ಸಿಕ್ಕದೆ ವರ್ಷಗಟ್ಟಲೆ ಹಾಗೆಯೇ ಉಳಿಯಬಹುದು. ಸೂಕ್ಷ್ಮ ಹರಳಿನದನ್ನು ಅವು ಸುಲಭವಾಗಿ ಕರಗಿಸಿ, ಆ ಜಾಗದಲ್ಲಿ ನಿಜವಾದ ಮೂಳೆಯನ್ನು ಕಟ್ಟಬಲ್ಲವು. ಆದ್ದರಿಂದಲೇ ಶಾಖವನ್ನು ತಗ್ಗಿಸುವ, ಸುಡುವ ಹೊತ್ತನ್ನು ಮೊಟಕುಗೊಳಿಸುವ ಉಪಾಯಗಳು. ಮೈಕ್ರೋವೇವ್ ಅಂಥದೊಂದು. ಐ.ಐ.ಟಿ. ಮದ್ರಾಸಿನ ಟಿ. ಎಸ್. ಸಂಪತ್ ಕುಮಾರ್ ಮತ್ತು ಸಂಗಡಿಗರು ಕೋಳಿಮೊಟ್ಟೆಯ ಚಿಪ್ಪನ್ನು ಸುಟ್ಟು ಸುಣ್ಣವಾಗಿಸಿ, ಮೈಕ್ರೋವೇವ್ ನೆರವಿನಿಂದ ನ್ಯಾನೊ ಹೈಡ್ರಾಕ್ಸಿಅಪಟೈಟನ್ನು ಪಡೆದ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಅಂಧೇರಿ ಸ್ಟೇಷನ್ನಿನ ಹೊರಗಿನ ಆಮ್ಲೆಟ್-ಪಾವ್ ಗಾಡಿಗಳವರು ದಿನವೂ ಎಸೆಯುವ ಚಿಪ್ಪಿಗೂ ಇಂಥ ಯೋಗ್ಯತೆಯಿದೆ.

ಇಷ್ಟಾದರೂ ಈ ದ್ರವ್ಯವು ಬಳೆಯಂತೆ ಪೆಡಸು. ತೊಡೆಯೆಲುಬಿನಂಥ ಭಾರ ಹೊರುವ ಜಾಗದಲ್ಲಿ ಅದನ್ನೊಂದನ್ನೇ ನೆಚ್ಚುವಂತಿಲ್ಲ. ಲೋಹದ ಪಟ್ಟಿ, ತಿರುಪುಗಳ ಆಸರೆ ಬೇಕು. ರಕ್ತನಾಳಗಳು ಒಳಹೊಗಲು ರಂಧ್ರಗಳಿರಬೇಕು, ರಂಧ್ರ ಹೆಚ್ಚಿದಷ್ಟೂ ಬಲ ಕುಂದುತ್ತದೆ. ಸೋಂಕು ತಗಲಿದರಂತೂ ಎಲ್ಲವೂ ವ್ಯರ್ಥ. ಹೊಗೆಸೊಪ್ಪಿನ ಚಟವಿದ್ದವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಮೂಳೆ ಕೂಡುವುದು ನಿಧಾನ. ಇವನ್ನು ಶಸ್ತ್ರವೈದ್ಯರಿಗೆ ಮೊದಲೇ ತಿಳಿಸುವುದೊಳಿತು.

ಎಕ್ಸ್-ರೇ ಚಿತ್ರ ನೋಡುವಾಗ ಬಂಧುಗಳು ಮೋಸಹೋಗುವುದುಂಟು. ಈ ಹರಳುಗಳು ಮೊದಲ ದಿನದಿಂದಲೇ ಅಚ್ಚ ಬಿಳುಪಾಗಿ ಕಾಣುತ್ತವೆ. ಕುಳಿ ತುಂಬಿತು, ಮೂಳೆ ಕೂಡಿತು, ಇನ್ನು ಲೋಕಲ್ ಗಾಡಿ ಹತ್ತಬಹುದು ಎಂದು ಅವಸರಪಡುತ್ತಾರೆ. ವೈದ್ಯರು ಹುಡುಕುವುದು ಆ ಬಿಳುಪನ್ನಲ್ಲ. ತುಂಬಿದ ದ್ರವ್ಯಕ್ಕೂ ರೋಗಿಯ ಸ್ವಂತ ಮೂಳೆಗೂ ನಡುವೆ ಕಾಣುವ ತೆಳ್ಳನೆಯ ಕಪ್ಪುಗೆರೆ ಅಳಿಯುತ್ತಿದೆಯೇ ಎಂಬುದನ್ನು. ಅದು ಅಳಿಯುವುದಕ್ಕೆ ತಿಂಗಳುಗಳೇ ಬೇಕು.