ದಡ ಹತ್ತುವ ಮೊದಲು ಒಂದು ಕಟ್ಟು ಬೇರು

ಫಿಜಿಯ ವನುವಾ ಲೆವು ದ್ವೀಪದ ಸವುಸವು ಪೇಟೆಗೆ ಹೋದರೆ ಮಾರುಕಟ್ಟೆಯಲ್ಲಿ ತರಕಾರಿ, ಹಣ್ಣಿನ ಜೊತೆಗೆ ಬೇರಿನ ಕಟ್ಟುಗಳೂ ಮಾರಾಟಕ್ಕಿರುತ್ತವೆ. ಮಣ್ಣುಬಣ್ಣಕ್ಕೆ ತಿರುಗಿ ಒಣಗಿ ಗಡುಸಾದ ಬೇರುಗಳವು. ಅರ್ಧ ಕಿಲೋ ಲೆಕ್ಕದಲ್ಲಿ ತೂಗಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಕೆಲವಕ್ಕೆ ಬಣ್ಣದ ರಿಬ್ಬನ್ ಕೂಡ ಕಟ್ಟಿರುತ್ತಾರೆ. ಮಾರುವವರಲ್ಲಿ ಮೂಲ ಫಿಜಿಯನ್ನರಿದ್ದಾರೆ. ಗಿರ್ಮಿಟ್ ಎಂಬ ಕೂಲಿ ಕರಾರಿನ ಮೇಲೆ 1879ರಿಂದ 1916ರ ನಡುವೆ ಹಡಗಿನಲ್ಲಿ ಬಂದಿಳಿದ 60,000ಕ್ಕೂ ಹೆಚ್ಚು ಭಾರತೀಯರ ಮರಿಮಕ್ಕಳೂ ಇದ್ದಾರೆ. ಮೇ ತಿಂಗಳು ಕಳೆದರೆ ಕೊಳ್ಳುವವರಲ್ಲಿ ಹಾಯಿದೋಣಿಯವರೂ ಸೇರಿಕೊಳ್ಳುತ್ತಾರೆ. ಅಕ್ಕಿ, ಈರುಳ್ಳಿ, ಡೀಸೆಲ್ ಜೊತೆಗೆ ಅವರ ಚೀಟಿಯಲ್ಲಿ ಈ ಬೇರೂ ಇರುತ್ತದೆ. ಹೋಗಬೇಕೆಂದಿರುವ ಹಳ್ಳಿ ಎಷ್ಟೋ ಅಷ್ಟು ಕಟ್ಟು, ಮೇಲೆ ಒಂದೆರಡು.

ಈ ಬೇರಿಗೆ ಅಲ್ಲಿಯ ಹೆಸರು ಯಂಗೋನ, ಹೊರಗಿನವರ ಬಾಯಲ್ಲಿ ಕಾವಾ. ನಮ್ಮ ವೀಳ್ಯದೆಲೆ, ಕರಿಮೆಣಸು ಸೇರಿದ ಪೈಪರ್ ಕುಲದ್ದೇ ಗಿಡ. ಇದರಲ್ಲಿ ಬೀಜ ಕಟ್ಟುವುದಿಲ್ಲ, ಕಾಂಡದ ತುಂಡು ನೆಟ್ಟೇ ಬೆಳೆಸಬೇಕು. ಹಾಗಾಗಿ ಪೆಸಿಫಿಕ್‌ನ ಯಾವ ದ್ವೀಪದಲ್ಲಿ ಕಾವಾ ಕಂಡರೂ, ಹಿಂದೊಮ್ಮೆ ಯಾರೋ ಅದನ್ನು ದೋಣಿಯಲ್ಲಿಟ್ಟುಕೊಂಡು, ಒಣಗದಂತೆ ಕಾಪಾಡಿಕೊಂಡು ಅಲ್ಲಿಗೆ ತಂದಿದ್ದಾರೆ ಎಂದೇ ಅರ್ಥ. ಈ ಬೇರನ್ನು ಹಳ್ಳಿಯ ಹಿರಿಯನ ಮುಂದಿಟ್ಟು, ನಿಮ್ಮ ನೆಲ ತುಳಿಯಬಹುದೇ, ನಿಮ್ಮ ನೀರಿನಲ್ಲಿ ಲಂಗರು ಹಾಕಬಹುದೇ ಎಂದು ಕೇಳುವ ಕ್ರಮಕ್ಕೆ ಸೆವುಸೆವು ಎಂದು ಹೆಸರು. ನಮ್ಮಲ್ಲಿ ವೀಳ್ಯ ಕೈಗಿತ್ತರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಒಂದು ಹೊಣೆ ಅಂಟಿಕೊಳ್ಳುತ್ತದಲ್ಲ, ಇಲ್ಲಿಯೂ ಹಾಗೆಯೇ.

ಫಿಜಿಯಲ್ಲಿ ನಾಲ್ಕು ದಿನ ದಡದ ಮೇಲೆ ಕಳೆದು ಬಂದ ನಾವಿಕರು ಆ ದಿನಗಳನ್ನು ಎಂದೂ ಮರೆಯುವುದಿಲ್ಲ. ಅಲ್ಲಿಯವರ ನಗುಮುಖವನ್ನು ಬಾಯಿತುಂಬ ಹೊಗಳುತ್ತಾರೆ. ಹೊಗಳಿಕೆ ಸುಳ್ಳಲ್ಲ. ಆದರೆ ಆ ಅಕ್ಕರೆ ತಾನಾಗಿ ಉಕ್ಕಿ ಹರಿದದ್ದೆಂದು ತಿಳಿದರೆ ಫಿಜಿಯನ್ನರಿಗೇ ಅನ್ಯಾಯ. ಅಪರಿಚಿತನೊಬ್ಬ ಅತಿಥಿಯಾಗುವುದಕ್ಕೆ ಅವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ದಾರಿಯೊಂದಿದೆ. ಆ ದಾರಿ ಬಿಟ್ಟು ಬಂದವರ ಚರಿತ್ರೆಯಲ್ಲಿ ರಕ್ತವಿದೆ.

1789ರಲ್ಲಿ ಬೌಂಟಿ ಹಡಗಿನ ದಂಗೆಕೋರರು ಕ್ಯಾಪ್ಟನ್ ಬ್ಲೈ ಮತ್ತು ಅವನ ಪಕ್ಷದವರನ್ನು ತೆರೆದ ದೋಣಿಯೊಂದರಲ್ಲಿ ಸಮುದ್ರಕ್ಕೆ ಬಿಟ್ಟರು. ಟೋಂಗಾದ ತೊಫುವಾದಲ್ಲಿ ಇಳಿದಾಗ ಅವರಲ್ಲೊಬ್ಬ ಕೊಲೆಯಾದ. ಉಳಿದವರು ಹಸಿದ ಹೊಟ್ಟೆಯಲ್ಲಿ ಫಿಜಿಯ ದ್ವೀಪಗಳ ನಡುವೆಯೇ ಹಾದುಹೋದರು. ಎಳನೀರು, ಹಣ್ಣು, ಗೆಡ್ಡೆ ಎಲ್ಲ ಇದ್ದ ದಡಗಳು ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಇಳಿಯುವ ಧೈರ್ಯ ಅವರಿಗಾಗಲಿಲ್ಲ. ಎರಡು ದೋಣಿಗಳು ಅಟ್ಟಿಸಿಕೊಂಡೂ ಬಂದವು. ವಿಟಿ ಲೆವು ಮತ್ತು ವನುವಾ ಲೆವು ದ್ವೀಪಗಳ ನಡುವಿನ ಆ ನೀರಿಗೆ ಇಂದಿಗೂ ಬ್ಲೈ ವಾಟರ್ ಎಂಬ ಹೆಸರಿದೆ.

ಇದಕ್ಕಿಂತ ಘೋರವಾದದ್ದು ನಡೆದದ್ದು 1840ರ ಜುಲೈನಲ್ಲಿ, ಫಿಜಿಯ ಮಲೋಲೊ ದ್ವೀಪದಲ್ಲಿ. ಚಾರ್ಲ್ಸ್ ವಿಲ್ಕ್ಸ್ ನೇತೃತ್ವದ ಅಮೆರಿಕದ ಸಮೀಕ್ಷಾ ನೌಕೆಗಳು ಅಲ್ಲಿಗೆ ಬಂದಿದ್ದವು. ಆಹಾರ ಕೊಳ್ಳಲು ದಡಕ್ಕೆ ಹೋದಾಗ ಜಗಳ ಹತ್ತಿ ಇಬ್ಬರು ಅಧಿಕಾರಿಗಳು ಸತ್ತರು, ಒಬ್ಬ ವಿಲ್ಕ್ಸ್‌ನ ಸ್ವಂತ ಸಂಬಂಧಿ. ಸೇಡಿಗೆ ಇಳಿದ ಅಮೆರಿಕನ್ನರು ಎರಡು ಹಳ್ಳಿಗಳನ್ನು ಸುಟ್ಟರು. ಸುಮಾರು 80 ದ್ವೀಪವಾಸಿಗಳು ಪ್ರಾಣ ಕಳೆದುಕೊಂಡರು. ಮುಂದೆ 1874ರ ಅಕ್ಟೋಬರ್ 10ರಂದು ಫಿಜಿ ಬ್ರಿಟಿಷರ ವಶವಾಯಿತು. ಮರುವರ್ಷವೇ, ದೊರೆ ಥಕಂಬೌನನ್ನು ಸಿಡ್ನಿಯಿಂದ ಮರಳಿ ಕರೆತಂದ ಹಡಗಿನಲ್ಲಿ ದಡಾರವೂ ಬಂತು. ಸುಮಾರು 40,000 ಜನ ಸತ್ತರು. ಕಡಲ ಅಂಚಿನಲ್ಲಿ ಹೊಸ ಹಾಯಿ ಕಂಡಾಗ ಬಂದವರು ಯಾರು, ಏನು ತಂದರು, ಯಾವಾಗ ಹೋಗುತ್ತಾರೆ ಎಂದು ಕೇಳುವ ಹಕ್ಕು ಈ ಜನಕ್ಕಲ್ಲದೆ ಇನ್ನಾರಿಗಿದೆ?

ಹಡಗಿನ ಕೆಲಸಕ್ಕೆಂದಲ್ಲದೆ ತಮ್ಮ ಖುಷಿಗೆಂದೇ ಸಮುದ್ರ ಸುತ್ತುವವರು ಆಮೇಲೆ ಬಂದರು. ಜೋಶುವಾ ಸ್ಲೋಕಮ್ 1895ರಿಂದ 1898ರವರೆಗೆ ಒಬ್ಬನೇ ಭೂಮಿ ಸುತ್ತಿ, ಸಣ್ಣ ಹಾಯಿದೋಣಿಗೂ ಇದು ಸಾಧ್ಯ ಎಂದು ತೋರಿಸಿದ. ಲೇಖಕ ಜಾಕ್ ಲಂಡನ್ ತನ್ನ ಸ್ನಾರ್ಕ್ ದೋಣಿಯಲ್ಲಿ 1908ರಲ್ಲಿ ಫಿಜಿಯ ಸುವಾ ಬಂದರಿಗೆ ಬಂದ. ಫೈಬರ್‌ಗ್ಲಾಸ್ ದೋಣಿಗಳು ಅಗ್ಗವಾದ ಮೇಲೆ, ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ಸಾಧನ ಬಂದ ಮೇಲೆ, ಕೊನೆಗೆ ಜಿಪಿಎಸ್ ಬಂದ ಮೇಲೆ, ಗಂಡ ಹೆಂಡತಿ ಇಬ್ಬರೇ ಪೆಸಿಫಿಕ್ ದಾಟುವುದು ಸುದ್ದಿಯಾಗಿ ಉಳಿಯಲಿಲ್ಲ. ಪನಾಮಾ ಕಾಲುವೆ ದಾಟಿ ಮಾರ್ಕೆಸಸ್, ತಹೀತಿ, ಕುಕ್ ದ್ವೀಪಗಳು, ಟೋಂಗಾ, ಅಲ್ಲಿಂದ ಫಿಜಿ. ವಾಣಿಜ್ಯ ಮಾರುತ ಬೆನ್ನ ಹಿಂದಿನಿಂದ ಬೀಸುವ ಈ ದಾರಿಗೆ ನಾವಿಕರು ಕೊಕೊನಟ್ ಮಿಲ್ಕ್ ರನ್ ಎನ್ನುತ್ತಾರೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲವಾದ್ದರಿಂದ ಅಷ್ಟರೊಳಗೆ ಹೆಚ್ಚಿನವರು ನ್ಯೂಜಿಲೆಂಡ್ ಕಡೆ ಇಳಿಯುತ್ತಾರೆ. ಕೆಲವರು ಫಿಜಿಯಲ್ಲೇ ವುಂಡಾ ಮರೀನಾದಲ್ಲಿ ನೆಲ ಅಗೆದು ಮಾಡಿದ ಗುಂಡಿಯಲ್ಲಿ ದೋಣಿಯನ್ನು ಕೂರಿಸಿ ಹೋಗುತ್ತಾರೆ.

ಬಂದರಿನಲ್ಲಿ ಕಸ್ಟಮ್ಸ್, ಆರೋಗ್ಯ, ವಲಸೆ ಕಚೇರಿಗಳ ಮೊಹರು ಬಿದ್ದು, ದ್ವೀಪಗಳಲ್ಲಿ ಸುತ್ತುವ ಪರವಾನಗಿ ಕೈಗೆ ಬಂದರೆ ಸರ್ಕಾರದ ಕೆಲಸ ಮುಗಿಯಿತು. ಹಳ್ಳಿಯ ಕೆಲಸ ಬಾಕಿ. ಫಿಜಿಯ ನೆಲದಲ್ಲಿ ಶೇಕಡ 80ಕ್ಕೂ ಹೆಚ್ಚು ಮೂಲನಿವಾಸಿ ಕುಲಗಳ ಸಾಮೂಹಿಕ ಆಸ್ತಿ. ಹವಳದ ದಿಬ್ಬದವರೆಗಿನ ನೀರಿನಲ್ಲಿ ಮೀನು ಹಿಡಿಯುವ ಪಾರಂಪರಿಕ ಹಕ್ಕೂ ಅವರದೇ. ಆ ನೀರಿಗೆ ಅವರು ಗೊಲಿಂಗೊಲಿ ಎನ್ನುತ್ತಾರೆ. ಹಿರಿಯ ಮುಖಂಡನೊಬ್ಬ ತೀರಿಕೊಂಡರೆ ನೂರು ರಾತ್ರಿ ಅಲ್ಲಿ ಮೀನು ಹಿಡಿಯದೆ ಬಿಡುವ ಪದ್ಧತಿಯೂ ಇದೆ. ಹೊರಗಿನ ಕಣ್ಣಿಗೆ ಖಾಲಿ ಕಾಣುವ ಕೊಲ್ಲಿಗೂ ಒಡೆಯರಿದ್ದಾರೆ.

ಸೂರ್ಯ ನೆತ್ತಿಯ ಮೇಲಿರುವಾಗ, ಒಬ್ಬರು ದೋಣಿಯ ಮೂತಿಯಲ್ಲಿ ನಿಂತು ನೀರಿನ ಬಣ್ಣ ನೋಡಿ ಹವಳದ ಬಂಡೆಗಳನ್ನು ತಪ್ಪಿಸುತ್ತಾ ಒಳಗೆ ಬರಬೇಕು. ಲಂಗರು ಬಿಟ್ಟ ಮೇಲೆ ಈಜಲು ಧುಮುಕುವಂತಿಲ್ಲ, ಗಾಳ ಹಾಕುವಂತಿಲ್ಲ. ಮೊಣಕಾಲು ಮುಚ್ಚುವಂತೆ ಸುಲು ಎಂಬ ಪಂಚೆ ಸುತ್ತಿಕೊಂಡು, ಟೋಪಿ ಮತ್ತು ತಂಪು ಕನ್ನಡಕ ತೆಗೆದು, ಚೀಲವನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದು, ಪುಟ್ಟ ದೋಣಿಯಲ್ಲಿ ದಡಕ್ಕೆ ಹೋಗುತ್ತಾರೆ. ಎದುರಾದ ಮೊದಲ ಮಗುವೇ ತುರಂಗ ನಿ ಕೊರೊ, ಅಂದರೆ ಊರ ಮುಖ್ಯಸ್ಥನ ಮನೆ ತೋರಿಸುತ್ತದೆ. ಕೇದಗೆಯ ಜಾತಿಯ ಎಲೆಯಲ್ಲಿ ಹೆಣೆದ ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಕಟ್ಟನ್ನು ಅವನ ಮುಂದೆ ನೆಲದ ಮೇಲಿಡಬೇಕು. ಕೈಗೆ ಕೊಡುವಂತಿಲ್ಲ, ಏಕೆಂದರೆ ಒಪ್ಪುವುದೋ ಬಿಡುವುದೋ ಅವನಿಗೆ ಬಿಟ್ಟದ್ದು. ಬೇರು ಕುಟ್ಟಿರಬಾರದು, ಇಡಿಯಾಗಿರಬೇಕು.

ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಆಮೇಲೆ ಅವನು ಕಟ್ಟನ್ನು ಮುಟ್ಟುತ್ತಾನೆ. ತಗ್ಗಿದ ದನಿಯಲ್ಲಿ, ಓಡುವ ಲಯದಲ್ಲಿ ಮಾತು ಶುರುವಾಗುತ್ತದೆ. ಬಂದವರನ್ನು ಪೂರ್ವಿಕರಿಗೆ ಪರಿಚಯಿಸಿ ಕಾಪಾಡುವಂತೆ ಕೇಳಿಕೊಳ್ಳುತ್ತಾನೆ. ಸುತ್ತ ಕೂತವರು ಅಂಗೈ ಬೋಗುಣಿಯಂತೆ ಬಾಗಿಸಿ ಆಳವಾದ ಸದ್ದು ಬರುವಂತೆ ಚಪ್ಪಾಳೆ ತಟ್ಟುತ್ತಾರೆ. ಬಿಡುವಿದ್ದರೆ ಆಗಲೇ ಬೇರು ಕುಟ್ಟಿ, ತನೋವ ಎಂಬ ಮರದ ಬೋಗುಣಿಯಲ್ಲಿ ನೀರು ಬೆರೆಸಿ, ಬಟ್ಟೆಯಲ್ಲಿ ಹಿಂಡಿ ಸೋಸುತ್ತಾರೆ. ಕೆಸರು ಬಣ್ಣದ ಆ ನೀರು ತೆಂಗಿನ ಚಿಪ್ಪಿನಲ್ಲಿ ಬರುತ್ತದೆ. ಒಮ್ಮೆ ಚಪ್ಪಾಳೆ, ‘ಬುಲಾ’, ಒಂದೇ ಗುಕ್ಕಿಗೆ ಕುಡಿದು ಚಿಪ್ಪು ಹಿಂದಿರುಗಿಸಿ ಮತ್ತೆ ಮೂರು ಚಪ್ಪಾಳೆ. ಮಣ್ಣಿನ ರುಚಿ, ಸ್ವಲ್ಪ ಹೊತ್ತಿಗೆ ನಾಲಗೆ ಜೋಮು ಹಿಡಿಯುತ್ತದೆ. ಹೆಂಡದಂತೆ ಗಲಾಟೆ ಎಬ್ಬಿಸುವ ಅಮಲಲ್ಲ ಇದು, ಕೈಕಾಲು ಸಡಿಲವಾಗಿ ಮಾತು ಮೆತ್ತಗಾಗುತ್ತದೆ.

ಅಲ್ಲಿಂದ ಮುಂದಿನ ದಿನಗಳ ಸೊಗಸೇ ಬೇರೆ. ದಕ್ಷಿಣ ಲೌ ದ್ವೀಪಸಮೂಹದ ಫುಲಂಗಾದಲ್ಲಿ ಬಂದ ಪ್ರತಿ ದೋಣಿಗೂ ಒಂದು ಮನೆಯನ್ನು ಗೊತ್ತುಮಾಡುತ್ತಾರೆ. ಊರಲ್ಲಿ ಇರುವಷ್ಟು ದಿನ ಆ ಮನೆಯವರೇ ನಿಮ್ಮ ಬಳಗ. ಭಾನುವಾರ ಕಡಲಿಗೆ ಇಳಿಯುವಂತಿಲ್ಲ, ಅವರ ಜೊತೆ ಚರ್ಚಿಗೆ ಹೋಗಬೇಕು. ಮಧ್ಯಾಹ್ನ ಮಣ್ಣಿನೊಳಗೆ ಕಾದ ಕಲ್ಲುಗಳ ಮೇಲೆ ಬೆಂದ ಊಟ: ಕೆಸುವಿನ ಗೆಡ್ಡೆ, ಮರಗೆಣಸು, ಮೀನು, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪು. ಸೋಮವಾರ ಗಂಡಸರು ವೇಸಿ ಮರ ಕೆತ್ತುವುದನ್ನು ನೋಡುತ್ತ ಕೂರಬಹುದು. ಲೌ ಜನ ಇದೇ ಮರದಲ್ಲಿ ದ್ರುವಾ ಎಂಬ ಜೋಡಿ ಹೊಟ್ಟೆಯ ಭಾರೀ ಹಾಯಿದೋಣಿಗಳನ್ನು ಕಟ್ಟುತ್ತಿದ್ದರು. ಯುರೋಪಿನವರು ಬರುವ ಬಹಳ ಮುಂಚೆಯೇ ಈ ಕಡಲು ಅವರಿಗೆ ಅಂಗಳವಾಗಿತ್ತು. ಬಂದವರೂ ಸುಮ್ಮನೆ ಉಣ್ಣುತ್ತ ಕೂರುವುದಿಲ್ಲ. ಕೆಟ್ಟ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಸರಿಮಾಡುತ್ತಾರೆ, ಸೋಲಾರ್ ತಂತಿ ಜೋಡಿಸುತ್ತಾರೆ, ಅಜ್ಜಿಯರಿಗೆ ಓದುವ ಕನ್ನಡಕ, ಶಾಲೆಗೆ ಪುಸ್ತಕ ಕೊಡುತ್ತಾರೆ. ಹತ್ತಿರದವರು ಬೇಕೆಂದು ಕೇಳಿದರೆ ಇಲ್ಲವೆನ್ನಬಾರದೆಂಬ ಕೆರೆಕೆರೆ ಪದ್ಧತಿ ಅಲ್ಲಿಯದು. ನೀವು ಹತ್ತಿರದವರಾದ ಮೇಲೆ ನಿಮಗೂ ಅದು ಅನ್ವಯ. ಹೊರಡುವ ಮುನ್ನ ಇತಾತೌ ಎಂಬ ಬೀಳ್ಕೊಡುಗೆ ಕೇಳಬೇಕು, ಅದಕ್ಕೂ ಬೇರು ಬೇಕು. ಮೇಲೆ ಒಂದೆರಡು ಕಟ್ಟು ಕೊಳ್ಳುವುದು ಇದಕ್ಕೇ.

ನಾವಿಕರು ತಮ್ಮತಮ್ಮಲ್ಲೇ ಕೂಡುವುದಕ್ಕೆ ಬೇರೆ ಜಾಗಗಳಿವೆ. ಮಲೋಲೊ ಪಕ್ಕದ ಮಲೋಲೊ ಲೈಲೈ ದ್ವೀಪದಲ್ಲಿರುವ ಮಸ್ಕೆಟ್ ಕೋವ್ ಯಾಟ್ ಕ್ಲಬ್‌ನ ಆಜೀವ ಸದಸ್ಯತ್ವ, ಹೊರದೇಶದಿಂದ ಹಾಯಿ ಬಿಚ್ಚಿ ಬಂದ ನಾವಿಕರಿಗೆ ಮಾತ್ರ. ಸಂಜೆ ಅಲ್ಲಿ ಕೆಂಡ ಸಿದ್ಧವಿರುತ್ತದೆ, ಅವರವರು ತಂದದ್ದನ್ನು ಸುಟ್ಟುಕೊಂಡು ಹರಟುತ್ತಾರೆ. ಒಳ್ಳೆಯದೇ. ಆದರೆ ಎದುರಿನ ಮಲೋಲೊದಲ್ಲಿ 1840ರಲ್ಲಿ ನಡೆದದ್ದು ಆ ಹರಟೆಯಲ್ಲಿ ಒಮ್ಮೆಯಾದರೂ ಬರಲಿ ಎಂಬುದು ನನ್ನ ಆಸೆ.

ಹಳ್ಳಿಗಳ ಜೊತೆಗಿನ ನಂಟು ಕಷ್ಟಕಾಲಕ್ಕೂ ಒದಗಿತು. 2016ರ ಫೆಬ್ರುವರಿ 20ರಂದು ವಿನ್‌ಸ್ಟನ್ ಚಂಡಮಾರುತ ಅಪ್ಪಳಿಸಿ 44 ಜನ ಸತ್ತರು, ಕೊರೊ, ತವೆಉನಿ, ವನುವಾ ಬಲಾವು ದ್ವೀಪಗಳ ಹಳ್ಳಿಗಳು ನೆಲಕಚ್ಚಿದವು. ಸೀ ಮರ್ಸಿ ಎಂಬ ಸಂಸ್ಥೆಯ ಜೊತೆ ಸೇರಿ ಹಾಯಿದೋಣಿಯವರು ದೂರದ ದ್ವೀಪಗಳಿಗೆ ಪರಿಹಾರ ಸಾಮಗ್ರಿ ಸಾಗಿಸಿದರು. ಕಾವಾ ತೋಟಗಳೂ ಹಾಳಾದವು. ಗಿಡ ಬಲಿಯಲು ಮೂರರಿಂದ ಐದು ವರ್ಷ ಬೇಕಾದ್ದರಿಂದ ಏರಿದ ಬೆಲೆ ಬೇಗ ಇಳಿಯಲೂ ಇಲ್ಲ. 2020ರಲ್ಲಿ ಕೊರೊನಾ ಕಾಲಕ್ಕೆ ಪೆಸಿಫಿಕ್‌ನ ಬಾಗಿಲುಗಳು ಬಹುತೇಕ ಮುಚ್ಚಿದ್ದಾಗ, ಸಮುದ್ರದಲ್ಲಿ ಕಳೆದ ದಿನಗಳನ್ನೂ ಕ್ವಾರಂಟೈನ್‌ಗೆ ಲೆಕ್ಕ ಹಿಡಿದು ದೋಣಿಗಳನ್ನು ಒಳಗೆ ಬಿಟ್ಟುಕೊಂಡ ದೇಶ ಫಿಜಿ. ಬ್ಲೂ ಲೇನ್ ಎಂದು ಅದಕ್ಕೆ ಹೆಸರಿಟ್ಟಿದ್ದರು. 1875ರ ದಡಾರ ಕಂಡ ದೇಶವೇ ಹೀಗೆ ಎಚ್ಚರದಿಂದ ಬಾಗಿಲು ತೆರೆದದ್ದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ.

ಲೌ ದ್ವೀಪಗಳು ಬಹುಕಾಲ ದೋಣಿಗಳಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇದ್ದವು. ಅವು ತೆರೆದುಕೊಂಡು ಬಂದವರ ಸಂಖ್ಯೆ ಏರಿದ ಮೇಲೆ ಕೆಲವು ಹಳ್ಳಿಗಳು ಲಂಗರಿಗೆ ಹಣ ತೆಗೆದುಕೊಳ್ಳತೊಡಗಿವೆ. ಇದರಿಂದ ಹಳೆಯ ಸೊಗಡು ಹೋಯಿತೆಂದು ಕೊರಗುವ ನಾವಿಕರ ಜೊತೆ ನಾನಿಲ್ಲ. ಶಾಲೆ, ದೋಣಿಯ ಇಂಧನ, ಕುಡಿಯುವ ನೀರಿನ ಟ್ಯಾಂಕಿಗೆ ಹಳ್ಳಿಗೂ ದುಡ್ಡು ಬೇಕು. ನನ್ನ ಆತಂಕ ಬೇರೆ. ದುಡ್ಡು ಕೊಟ್ಟಾಯಿತಲ್ಲ ಎಂದು ಚಾಪೆಯ ಮೇಲೆ ಕೂರದೆಯೇ ನೀರಿಗೆ ಧುಮುಕುವವರು ಹೆಚ್ಚಾದರೆ, ಊರಿನವರು ಅವರನ್ನು ಗಿರಾಕಿಗಳೆಂದೇ ನೋಡಿಯಾರು. ಅಂಥವರಿಗೆ ಕೊಲ್ಲಿಯೂ ಹವಳವೂ ಸಿಗುತ್ತದೆ, ಭಾನುವಾರದ ಊಟಕ್ಕೆ ಕರೆಯುವ ಮನೆ ಸಿಗುವುದಿಲ್ಲ.