ಕಡತದೊಳಗಿನ ಮನೆ

ಇಂದಿನ ನನ್ನ ಭಾಷಣದ ವಿಷಯವನ್ನು ಕೇಳಿದೊಡನೆ ಕೆಲವರಾದರೂ ರೇಡಿಯೋದ ಕಿವಿ ಹಿಂಡಿ ಸುಮ್ಮನಾಗಿಸಿಯಾರು ಎಂಬ ಅಳುಕಿನಿಂದಲೇ ಆರಂಭಿಸುತ್ತೇನೆ. ಅಮೆರಿಕದ ಫೆಡರಲ್ ಸರ್ಕಾರ, ಎಂದರೆ ಅಲ್ಲಿಯ ಕೇಂದ್ರ ಸರ್ಕಾರ, ಬಡವರ ಮನೆ ಬಾಡಿಗೆಗೆ ನೀಡುವ ನೆರವು, ಆ ನೆರವಿಗಾಗಿ ಪಾಲಿಸಬೇಕಾದ ನಿಯಮ, ಇಡಬೇಕಾದ ದಾಖಲೆ ಇವೇ ನನ್ನ ವಿಷಯ. ಅಲ್ಲಿಯ ಒಂದು ನಡುತರದ ಊರಿನ ವಸತಿ ಪ್ರಾಧಿಕಾರದಲ್ಲಿ ಹನ್ನೊಂದು ವರ್ಷ ಗುಮಾಸ್ತಿಕೆ ಮಾಡಿ ಈಗ ಮೈಸೂರಿಗೆ ಮರಳಿರುವ ನನಗೆ ಈ ವಿಷಯ ಶುಷ್ಕವೆಂದು ತೋರುವುದಿಲ್ಲ. ಎಷ್ಟೋ ಸಂಸಾರಗಳ ಅಳಲು, ಆಸೆ, ಹುಸಿ, ನಿಜ ಎಲ್ಲವೂ ನನ್ನ ಕೈಯಲ್ಲಿ ಹಾದುಹೋದದ್ದು ಕಾಗದದ ರೂಪದಲ್ಲಿಯೇ.

ನಮ್ಮದು ಶಾನುಭೋಗರ ಮನೆತನ. ಕಡತ ಎಂಬ ಮಾತಿಗೆ ಈಗ ಕಚೇರಿಯ ಫೈಲು ಎಂಬ ಅರ್ಥ ನಿಂತಿದೆಯಷ್ಟೆ. ಹಿಂದೆ ಅದು ಬಟ್ಟೆಗೆ ಇದ್ದಿಲ ಪುಡಿಯನ್ನೂ ಹುಣಿಸೆಬೀಜದ ಅಂಟನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದದ್ದನ್ನು ಒರೆಸುವುದು, ಅದರ ಮೇಲೆಯೇ ಮತ್ತೆ ಬರೆಯುವುದು. ನಮ್ಮಜ್ಜನ ಪೆಟ್ಟಿಗೆಯಲ್ಲಿ ಅಂಥದೊಂದು ಕಡತ ಇತ್ತು. ಬಾಲ್ಯದಲ್ಲಿ ಅದರ ಮೇಲೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಬಿಳುಪನ್ನು ನೋಡಿ, ಯಾರದೋ ಕಂದಾಯವನ್ನು ಒರೆಸಿಬಿಟ್ಟೆನೇನೋ ಎಂದು ಹೆದರಿದ್ದುಂಟು. ಅಮೆರಿಕದ ಕಡತದಲ್ಲಿ ಒರೆಸುವುದಕ್ಕೆ ಎಡೆಯಿಲ್ಲ. ಕಾಗದ ದಾರಿ ತಪ್ಪುವುದಕ್ಕೆ ಮಾತ್ರ ಅಲ್ಲಿಯೂ ಧಾರಾಳವಾಗಿ ಎಡೆಯಿದೆ.

ಬಡವರ ವಸತಿಯ ಹೊಣೆಯನ್ನು ಅಮೆರಿಕ ಸರ್ಕಾರ ಶಾಶ್ವತವಾಗಿ ಹೊತ್ತದ್ದು 1937ರ ಕಾಯಿದೆಯಿಂದ. ಸೆನೆಟರ್ ರಾಬರ್ಟ್ ವ್ಯಾಗ್ನರ್ ಮತ್ತು ಪ್ರತಿನಿಧಿ ಸಭೆಯ ಹೆನ್ರಿ ಸ್ಟೀಗಲ್ ಇವರ ಹೆಸರನ್ನು ಹೊತ್ತ ಆ ಕಾಯಿದೆ ಹಣವನ್ನು ವಾಷಿಂಗ್ಟನ್ನಿನಿಂದ ಕೊಡಿಸಿ, ಕಟ್ಟಿಸಿ ನಡೆಸುವ ಕೆಲಸವನ್ನು ಊರೂರಿನ ವಸತಿ ಪ್ರಾಧಿಕಾರಗಳಿಗೆ ವಹಿಸಿತು. ಹಣ ಒಬ್ಬರದು, ಆಡಳಿತ ಇನ್ನೊಬ್ಬರದು. ಇಂಥ ಏರ್ಪಾಟಿನಲ್ಲಿ ದೂರದಲ್ಲಿರುವ ಹಣದೊಡೆಯನಿಗೆ ಕಣ್ಣು ಎಂದರೆ ಬರಹವೊಂದೇ. ಬಾಡಿಗೆಯ ಐದರಷ್ಟನ್ನು ಮೀರಿದ ಆದಾಯ ಉಳ್ಳವರಿಗೆ ಮನೆ ಕೊಡಕೂಡದು, ಮೂರು ಅಥವಾ ಹೆಚ್ಚು ಮಕ್ಕಳಿದ್ದರೆ ಆರರಷ್ಟರವರೆಗೆ ಬಿಡಬಹುದು ಎಂದು ಆ ಕಾಯಿದೆಯೇ ವಿಧಿಸಿತ್ತು. ಹೀಗೆ ಮೊದಲ ದಿನದಿಂದಲೂ ಬಾಡಿಗೆದಾರ ತನ್ನ ಸಂಬಳದ ಚೀಟಿಯನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬರಬೇಕಾಯಿತು.

ಆದರೆ ಕಾಗದದ ಹೊಳೆ ಉಕ್ಕಿದ್ದು ಆಗಲ್ಲ, ಅದಕ್ಕೆ ಕಾರಣವಾದದ್ದು ಸರ್ಕಾರದ ಕಾಠಿಣ್ಯವೂ ಅಲ್ಲ. ಮೊದಮೊದಲು ಬಾಡಿಗೆಯನ್ನು ಕಟ್ಟಡದ ಖರ್ಚಿಗೆ ಸರಿಯಾಗಿ ಗೊತ್ತುಮಾಡುತ್ತಿದ್ದರು. ಖರ್ಚು ಏರಿದಂತೆ ಬಾಡಿಗೆ ಏರಿತು, ಬಡವನ ಕೂಲಿ ಏರಲಿಲ್ಲ. 1969ರಲ್ಲಿ ಸೇಂಟ್ ಲೂಯಿ ನಗರದ ಸರ್ಕಾರಿ ವಸತಿಗಳ ಜನ ಬಾಡಿಗೆ ಕೊಡುವುದಿಲ್ಲವೆಂದು ಮುಷ್ಕರ ಹೂಡಿದರು. ಅದೇ ವರ್ಷ ಮ್ಯಾಸಚೂಸೆಟ್ಸಿನ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿ, ಆದಾಯದ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಬಾಡಿಗೆ ಕೇಳಕೂಡದೆಂದು ಸಾರಿತು. 1981ರಲ್ಲಿ ಆ ಪಾಲು ನೂರಕ್ಕೆ 30 ಆಯಿತು. ಇಂದಿಗೂ ಲೆಕ್ಕದ ಬುಡ ಅದೇ. ಬಾಡಿಗೆ ಆದಾಯಕ್ಕೆ ಅಂಟಿಕೊಂಡ ಮೇಲೆ ಆದಾಯ ಅಲುಗಿದಾಗಲೆಲ್ಲ ಬಾಡಿಗೆಯೂ ಅಲುಗಬೇಕು, ಅಲುಗಿದ್ದಕ್ಕೆ ರುಜುವಾತು ಬೇಕು. ಕರುಣೆಯಿಂದ ಮಾಡಿದ ಕಾಯಿದೆಯೇ ಗುಮಾಸ್ತನ ಮೇಜನ್ನು ತುಂಬಿಸಿತು.

1974ರ ಕಾಯಿದೆ ಎಂಟನೆಯ ಪ್ರಕರಣವೆಂದು ಹೆಸರಾದ ಯೋಜನೆಯನ್ನು ಸೇರಿಸಿತು. ಸರ್ಕಾರ ತಾನೇ ಮನೆ ಕಟ್ಟುವ ಬದಲು, ಖಾಸಗಿ ಮಾಲೀಕನ ಮನೆಯಲ್ಲಿರುವ ಬಡವನ ಪರವಾಗಿ ಬಾಡಿಗೆಯ ಒಂದಂಶವನ್ನು ಕಟ್ಟಿಕೊಡುವುದು ಇದರ ತಿರುಳು. ಇಂದು ವೋಚರು ಎಂದು ಜನ ಕರೆಯುವುದು ಇದನ್ನೇ. ಸುಮಾರು 23 ಲಕ್ಷ ಸಂಸಾರಗಳು ಇದರ ಆಸರೆಯಲ್ಲಿವೆ. ಎರಡು ಸಾವಿರಕ್ಕೂ ಹೆಚ್ಚು ಪ್ರಾಧಿಕಾರಗಳು ಇದನ್ನು ನಡೆಸುತ್ತವೆ.

ಲೆಕ್ಕ ಹೇಗೆಂದು ಒಂದು ನಿದರ್ಶನದಿಂದ ಹೇಳುತ್ತೇನೆ. ತಾಯಿ ಒಬ್ಬಳು, ಮಕ್ಕಳು ಇಬ್ಬರು, ವರ್ಷದ ವರಮಾನ 18,000 ಡಾಲರ್ ಎನ್ನಿ. ನಾನು ಕೆಲಸದಲ್ಲಿದ್ದಾಗ ಪ್ರತಿ ಮಗುವಿಗೆ 480 ಡಾಲರ್ ಕಳೆಯುತ್ತಿದ್ದೆವು. ಉಳಿದದ್ದು 17,040, ತಿಂಗಳಿಗೆ 1,420. ಅದರ ನೂರಕ್ಕೆ ಮೂವತ್ತು 426 ಡಾಲರ್, ಅವಳ ಪಾಲು. ಮನೆಯ ಬಾಡಿಗೆ 1,200 ಆದರೆ ಮಿಕ್ಕ 774ನ್ನು ಪ್ರಾಧಿಕಾರ ನೇರವಾಗಿ ಮಾಲೀಕನಿಗೆ ಕಳುಹಿಸುತ್ತದೆ. ಕೇಳುವುದಕ್ಕೆ ಇಷ್ಟು ಸರಳ. ಆ 18,000 ನಿಜವೇ? ಮಕ್ಕಳು ಅವಳ ಜೊತೆಯಲ್ಲೇ ಇರುವರೇ? ದುಡಿಯುವವರು ಬೇರೆ ಯಾರಾದರೂ ಸೇರಿಕೊಂಡಿರುವರೇ? ಒಂದೊಂದು ಪ್ರಶ್ನೆಗೂ ಒಂದೊಂದು ಕಾಗದ. ಕಡೆಗೆ ಎಲ್ಲವೂ 'ಕುಟುಂಬ ವರದಿ' ಎಂಬ ನಮೂನೆಯಲ್ಲಿ ಇಳಿದು ವಾಷಿಂಗ್ಟನ್ನಿಗೆ ಹೋಗುತ್ತದೆ. ಅದರ ಸಂಖ್ಯೆ 50058. ನಮ್ಮ ಕಚೇರಿಯಲ್ಲಿ ಅದನ್ನು ಹೆಸರಿನಿಂದ ಕರೆದವರನ್ನು ನಾನು ಕಾಣೆ, ಸಂಖ್ಯೆಯೇ ಹೆಸರು.

ಮನೆಯ ತಪಾಸಣೆಯ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಬಿಸಿನೀರು ಬರುವುದೇ, ಕಿಟಕಿಗೆ ಅಗುಳಿ ಇದೆಯೇ, ಹೊಗೆ ಕಂಡರೆ ಕೂಗುವ ಯಂತ್ರ ಕೂಗುವುದೇ ಎಂದು ಒಬ್ಬಾತ ಪಟ್ಟಿ ಹಿಡಿದು ನೋಡಿ ಬರುತ್ತಾನೆ. ಪ್ರಾಣಕ್ಕೆ ಅಪಾಯವಾಗುವ ಕುಂದನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ, ಉಳಿದವನ್ನು ಮೂವತ್ತು ದಿನಗಳೊಳಗೆ ಮಾಲೀಕ ಸರಿಪಡಿಸದಿದ್ದರೆ ಅವನಿಗೆ ಹೋಗುವ ಹಣ ನಿಲ್ಲುತ್ತದೆ.

ಇನ್ನು ದಾಖಲೆಯ ಆಯುಸ್ಸು. ಬಾಡಿಗೆ ಕರಾರು, ಮಾಲೀಕನೊಡನೆ ಆದ ಒಪ್ಪಂದ, ಸಂಸಾರದ ಮೂಲ ಅರ್ಜಿ ಇವುಗಳನ್ನು ನೆರವು ನಡೆಯುವಷ್ಟು ಕಾಲವೂ ಆಮೇಲೆ ಕನಿಷ್ಠ ಮೂರು ವರ್ಷವೂ ಇಟ್ಟಿರಬೇಕು. ನೆರವಿಗೆ ಅರ್ಹರಲ್ಲವೆಂದು ತಿರಸ್ಕರಿಸಿದವರ ಅರ್ಜಿಯನ್ನೂ ಮೂರು ವರ್ಷ ಇಡಬೇಕು. ಅರ್ಜಿದಾರರ ಜನಾಂಗ ಯಾವುದು, ಗಂಡೋ ಹೆಣ್ಣೋ, ಅಂಗವೈಕಲ್ಯ ಉಂಟೋ ಎಂಬ ವಿವರಗಳನ್ನೂ ಇಡಬೇಕು. ಸೇರಿದ ಹೊಸದರಲ್ಲಿ ಇದು ನನಗೆ ಸರಿಬೀಳಲಿಲ್ಲ. ಬಡವನಿಗೆ ಮನೆ ಕೊಡುವಲ್ಲಿ ಅವನ ಮೈಬಣ್ಣವೇಕೆ ಎಂದು ಮೇಲಧಿಕಾರಿಯನ್ನೇ ಕೇಳಿದೆ. ಆಕೆ ಉತ್ತರವಾಗಿ ಒಂದೇ ಮಾತು ಹೇಳಿದರು: ಷಿಕಾಗೋ.

ಆ ಕಥೆ ಹೀಗಿದೆ. 1966ರಲ್ಲಿ ಡೊರೊತಿ ಗಾಟ್ರೋ ಎಂಬ ಕರಿಯ ಮಹಿಳೆ ಮತ್ತು ಇತರ ಬಾಡಿಗೆದಾರರು ಷಿಕಾಗೋ ನಗರದ ವಸತಿ ಪ್ರಾಧಿಕಾರದ ಮೇಲೆ ದಾವೆ ಹೂಡಿದರು. ಪ್ರಾಧಿಕಾರ ಹೊಸ ಕಟ್ಟಡಗಳನ್ನೆಲ್ಲ ಕರಿಯರ ಕೇರಿಗಳಲ್ಲಿಯೇ ಎಬ್ಬಿಸಿ, ಬೇಕೆಂದೇ ಅವರನ್ನು ಒಂದು ಮೂಲೆಗೆ ಒತ್ತುತ್ತಿದೆ ಎಂಬುದು ಅವರ ಆರೋಪ. ನ್ಯಾಯಾಧೀಶ ರಿಚರ್ಡ್ ಆಸ್ಟಿನ್ 1969ರಲ್ಲಿ ತೀರ್ಪಿತ್ತರು. ಅವರ ಮುಂದಿದ್ದ ಸಾಕ್ಷ್ಯ ಕಣ್ಣೀರಿನದಲ್ಲ. ಪ್ರಾಧಿಕಾರದ ಅಂಕಿಅಂಶಗಳು, ಅದರ ಅಧಿಕಾರಿಗಳ ಹೇಳಿಕೆಗಳು. ಬಿಳಿಯರ ಕೇರಿಗಳಲ್ಲಿದ್ದ ನಾಲ್ಕು ವಸತಿಗಳಲ್ಲಿ ಕರಿಯರ ಸಂಖ್ಯೆ ಇಷ್ಟನ್ನು ಮೀರಕೂಡದೆಂಬ ಮಿತಿ ಇತ್ತು. ಉಳಿದ ಕುಟುಂಬವಸತಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತೂವರೆ ಪಾಲು ಕರಿಯರ, ಇಲ್ಲವೇ ಬೇಗನೆ ಕರಿಯರದಾಗಲಿದ್ದ ಕೇರಿಗಳಲ್ಲಿದ್ದವು. ಜಾಗ ಆರಿಸುವ ಮೊದಲು ಆಯಾ ವಾರ್ಡಿನ ನಗರಸಭಾ ಸದಸ್ಯನ ಒಪ್ಪಿಗೆಯನ್ನು ಒಳಗೊಳಗೇ ಪಡೆಯುವ ಪದ್ಧತಿ ಇತ್ತು. ಇಷ್ಟನ್ನು ಅಲ್ಲಗಳೆಯುವುದು ಪ್ರಾಧಿಕಾರಕ್ಕೆ ಸಾಧ್ಯವಾಗಲಿಲ್ಲ. ಗಾಟ್ರೋ ಆ ತೀರ್ಪನ್ನು ಕೇಳಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಫೆಡರಲ್ ಇಲಾಖೆಯ ವಿರುದ್ಧದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪರಿಹಾರ ನಗರದ ಎಲ್ಲೆಯನ್ನು ದಾಟಿ ಹೊರವಲಯಗಳಿಗೂ ಹರಡಬಹುದೆಂದು 1976ರಲ್ಲಿ ಅಲ್ಲಿ ತೀರ್ಮಾನವಾಯಿತು. ಮುಂದಿನ ವರ್ಷಗಳಲ್ಲಿ ಏಳು ಸಾವಿರ ಚಿಲ್ಲರೆ ಸಂಸಾರಗಳು ಎಂಟನೆಯ ಪ್ರಕರಣದ ನೆರವಿನಿಂದಲೇ ಬೇರೆ ಬೇರೆ ಕೇರಿಗಳಿಗೆ, ಉಪನಗರಗಳಿಗೆ ಹೋಗಿ ನೆಲೆಸಿದವು. ಯಾರನ್ನು ಎಲ್ಲಿರಿಸಿದರೆಂಬ ಲೆಕ್ಕ ಇಲ್ಲದೆಹೋಗಿದ್ದರೆ ಆ ದಾವೆ ಬರೀ ದೂರಾಗಿ ಉಳಿಯುತ್ತಿತ್ತು. ಅಂದಿನಿಂದ ಜನಾಂಗದ ಅಂಕಣವನ್ನು ತುಂಬುವಾಗ ನನ್ನ ಕೈ ತಡೆಯಲಿಲ್ಲ.

ದೊಡ್ಡ ಮಾತಾಯಿತು. ಸಣ್ಣ ಮಾತಿಗೆ ಬರುತ್ತೇನೆ, ಅದು ನನ್ನ ಮಾತು.

ವೋಚರು ಪಡೆಯಲು ಅರ್ಹರಾದ ನಾಲ್ಕು ಸಂಸಾರಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಅಲ್ಲಿ ಇಂಥ ನೆರವು ಸಿಗುತ್ತದೆ. ಉಳಿದವರು ವರ್ಷಗಟ್ಟಲೆ ಕಾಯುವ ಪಟ್ಟಿಯಲ್ಲಿ. ಆದ್ದರಿಂದ ಒಮ್ಮೆ ಕೈತಪ್ಪಿದರೆ ಮತ್ತೆ ಕೈಗೆ ಬರುವುದು ಯಾವ ಕಾಲಕ್ಕೋ. 2010ರ ಜನವರಿ ಕೊನೆಯಿಂದ ಆದಾಯವನ್ನು ತಾಳೆನೋಡುವ ಗಣಕಯಂತ್ರದ ವ್ಯವಸ್ಥೆ ಎಲ್ಲ ಪ್ರಾಧಿಕಾರಗಳಿಗೂ ಕಡ್ಡಾಯವಾಯಿತು. ಯಾವ ಧಣಿ ಯಾರಿಗೆ ಮೂರು ತಿಂಗಳಲ್ಲಿ ಎಷ್ಟು ಕೊಟ್ಟನೆಂಬುದು, ಕೆಲವು ತಿಂಗಳು ತಡವಾಗಿಯಾದರೂ, ನಮ್ಮ ಪರದೆಯ ಮೇಲೆ ಮೂಡುತ್ತಿತ್ತು. 2012ರ ಚಳಿಗಾಲದಲ್ಲಿ ಹಾಗೆ ಮೂಡಿದ್ದು ಒಬ್ಬ ಹೆಂಗಸಿನ ಎರಡನೆಯ ಸಂಬಳ. ಹಗಲು ವೃದ್ಧರ ಶುಶ್ರೂಷಾಲಯದಲ್ಲಿ ದುಡಿಯುತ್ತಿದ್ದ ಆಕೆ ರಾತ್ರಿ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿಯೂ ಕೆಲಸ ಹಿಡಿದಿದ್ದಳು. ತಿಂಗಳಿಗೆ 600 ಡಾಲರ್. ಹೊಸ ವರಮಾನವನ್ನು ಹತ್ತು ದಿನಗಳೊಳಗೆ ಬರಹದಲ್ಲಿ ತಿಳಿಸಬೇಕೆಂಬುದು ನಮ್ಮ ಪ್ರಾಧಿಕಾರದ ನಿಯಮ. ಕಡತವನ್ನು ತಿರುವಿದೆ. ಅಂಥ ಪತ್ರವಿರಲಿಲ್ಲ. ಯಂತ್ರದ ಮಾತೊಂದನ್ನೇ ನಂಬಿ ಕ್ರಮ ಕೈಗೊಳ್ಳಕೂಡದೆಂದು ಕಾನೂನಿದೆ. ಆಸ್ಪತ್ರೆಗೆ ಬರೆದು ಖಚಿತಪಡಿಸಿಕೊಂಡೆವು. ತಿಂಗಳಿಗೆ 180ರಂತೆ ಏಳು ತಿಂಗಳಿಗೆ 1,260 ಡಾಲರ್ ಆಕೆಯಿಂದ ಬರಬೇಕೆಂದು ಲೆಕ್ಕ ಹಾಕಿದವನು ನಾನೇ. ವರಮಾನ ಮರೆಮಾಚಿದ್ದಕ್ಕಾಗಿ ನೆರವನ್ನು ನಿಲ್ಲಿಸುವ ನೋಟೀಸು ಹೋಯಿತು.

ಆಕೆ ವಿಚಾರಣೆ ಬೇಕೆಂದು ಬರೆದು ಕೇಳಿದಳು. ಈ ವಿಚಾರಣೆಯ ನಿಯಮಗಳನ್ನು ಶ್ರೋತೃಗಳು ಗಮನಿಸಬೇಕು. ಮೊದಲ ತೀರ್ಮಾನ ಮಾಡಿದವರಾಗಲಿ ಅವರ ಕೈಕೆಳಗಿನವರಾಗಲಿ ವಿಚಾರಣೆ ನಡೆಸುವಂತಿಲ್ಲ. ವಿಚಾರಣೆಗೆ ಮೊದಲು, ತನಗೆ ಸಂಬಂಧಪಟ್ಟ ಪ್ರಾಧಿಕಾರದ ಕಾಗದಗಳನ್ನು ನೋಡಲು ಸಂಸಾರಕ್ಕೆ ಹಕ್ಕಿದೆ. ಕೇಳಿದ ಕಾಗದವನ್ನು ತೋರಿಸದಿದ್ದರೆ ಆ ಕಾಗದವನ್ನು ಪ್ರಾಧಿಕಾರ ವಿಚಾರಣೆಯಲ್ಲಿ ಆಧಾರವಾಗಿ ಬಳಸಕೂಡದು. ನಾನು ಓದಿದ ಸರ್ಕಾರಿ ನಿಯಮಗಳಲ್ಲೆಲ್ಲ ಇಷ್ಟು ನೆಟ್ಟಗಿನ ಮಾತು ಅಪರೂಪ.

ಆಕೆ ನೋಡಲು ಬಂದಳು. ಕಡತವನ್ನು ಮೇಜಿನ ಮೇಲಿಟ್ಟು ಎದುರಿಗೆ ಕುಳಿತೆ. ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿದ್ದಳೆಂದು ಕಾಣುತ್ತದೆ, ಬೆರಳುಗಳು ನೀರಿನಲ್ಲಿ ನೆನೆದು ಸುಕ್ಕಾಗಿದ್ದವು. ಒಂದೊಂದೇ ಹಾಳೆಯನ್ನು ಮಗುಚಿದಳು. ಕೊನೆಯ ಹಾಳೆಯೂ ಮುಗಿದ ಮೇಲೆ ಕಾಲ ಬಳಿ ಇಟ್ಟಿದ್ದ ಬೂಟಿನ ಪೆಟ್ಟಿಗೆಯನ್ನು ಮೇಲೆತ್ತಿದಳು. ಅದರಲ್ಲಿ ವಿದ್ಯುತ್ತಿನ ಬಿಲ್ಲು, ಮಕ್ಕಳ ಶಾಲೆಯ ಚೀಟಿ, ಬಾಡಿಗೆಯ ರಸೀತಿ ಎಲ್ಲವೂ ವರ್ಷವಾರು ರಬ್ಬರು ಬಳೆ ಹಾಕಿ ಇಟ್ಟದ್ದು. ನಮ್ಮಮ್ಮನ ಟ್ರಂಕು ನೆನಪಾಯಿತು. ಒಂದು ನಕಲನ್ನು ತೆಗೆದು ನನ್ನ ಕಡೆಗೆ ತಿರುಗಿಸಿ ಇಟ್ಟಳು. ಆಸ್ಪತ್ರೆಯ ಕೆಲಸ ಸೇರಿದ ನಾಲ್ಕನೆಯ ದಿನ ಬರೆದ ಪತ್ರ. ಅದರ ಮೂಲೆಯಲ್ಲಿ ನಮ್ಮ ಕಚೇರಿಯ ದಿನಾಂಕದ ಮೊಹರು.

ಮೂಲ ಪತ್ರ ಎಲ್ಲಿ ಹೋಯಿತು? ಆ ಸಂಜೆ ಎಲ್ಲರೂ ಹೋದ ಮೇಲೆ ಹುಡುಕಿದೆ. ಅದೇ ಮನೆತನದ ಹೆಸರಿನ ಇನ್ನೊಂದು ಸಂಸಾರದ ಕಡತದಲ್ಲಿ, ತಪಾಸಣೆಯ ವರದಿಯ ಬೆನ್ನಿಗೆ ಸೇರಿಕೊಂಡಿತ್ತು. ಸೇರಿಸಿದವರು ಕಿರುಸಹಿ ಹಾಕುವ ಪದ್ಧತಿ. ಕಿರುಸಹಿ ನನ್ನದು.

ಮರುದಿನ ಒಪ್ಪಿಕೊಂಡೆ. ವಿಚಾರಣೆ ಆಕೆಯ ಪರವಾಯಿತು. ತಪ್ಪು ಕಚೇರಿಯದಾದ್ದರಿಂದ ಹಿಂದಿನ 1,260 ಡಾಲರನ್ನು ಆಕೆಯಿಂದ ಕೇಳುವಂತಿರಲಿಲ್ಲ. ಮುಂದಿನ ತಿಂಗಳುಗಳಿಗೆ ಬಾಡಿಗೆಯ ಪಾಲು ನಿಯಮದಂತೆ ಏರಿತು, ಆಕೆ ಕೊಟ್ಟಳು.

ಇಷ್ಟಕ್ಕೆ ಮುಗಿದಿದ್ದರೆ ನಾನು ಈ ಕಥೆಯನ್ನು ಸಮಾಧಾನದಿಂದ ಹೇಳುತ್ತಿದ್ದೆ. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲು ಒಬ್ಬ ಮುದುಕ, ಟ್ರಕ್ಕು ಓಡಿಸಿ ನಿವೃತ್ತನಾದವನು, ಇದೇ ಮಾತನ್ನು ನನ್ನ ಮೇಜಿನ ಎದುರು ನಿಂತು ಹೇಳಿದ್ದ. ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಪತ್ರ ಹಾಕಿದ್ದೇನೆ ಎಂದ. ನಕಲಿದೆಯೇ ಎಂದು ಕೇಳಿದೆ. ಇರಲಿಲ್ಲ. ಎಲ್ಲರೂ ಹಾಗೆಯೇ ಹೇಳುತ್ತಾರೆ ಎಂದು ನಾನು ನಂಬಲಿಲ್ಲ, ಬೇರೆ ಕಡತಗಳನ್ನು ತೆರೆದು ನೋಡುವ ಯೋಚನೆಯೂ ಬರಲಿಲ್ಲ. ವಿಚಾರಣೆಯಲ್ಲಿ ಆತ ಸೋತ, ನೆರವು ಹೋಯಿತು, ಊರು ಬಿಟ್ಟನೆಂದು ಯಾರೋ ಅಂದರು. ಈಗ ಅವನ ಹೆಸರನ್ನು ಹೋಲುವ ಹೆಸರುಗಳ ಕಡತಗಳನ್ನು ನೋಡೋಣವೆಂದು ದಫ್ತರದ ಕೋಣೆಗೆ ಹೋದೆ. ನಿಯಮದ ಮೂರು ವರ್ಷ ತುಂಬಿದ್ದರಿಂದ ಅವನ ಕಡತ ಇರಲಿಲ್ಲ. ಯಾದಿಯಲ್ಲಿ ಅವನ ಸಂಖ್ಯೆಯ ಮುಂದೆ ನಾಶಪಡಿಸಿದ ದಿನಾಂಕ ಮಾತ್ರ ಇತ್ತು. ನೆರೆಯ ಹೆಸರುಗಳ ಕಡತಗಳಲ್ಲಿ ಬದುಕಿದ್ದವನ್ನು ಎರಡು ಸಂಜೆ ಕುಳಿತು ಹಾಳೆ ಹಾಳೆಯಾಗಿ ನೋಡಿದೆ. ಅವನ ಪತ್ರ ಸಿಗಲಿಲ್ಲ. ಅವನು ಹೇಳಿದ್ದು ನಿಜವೋ ಸುಳ್ಳೋ ಎಂಬುದನ್ನು ತೋರಿಸಬಲ್ಲ ಕಾಗದ ಈಗ ಎಲ್ಲಿಯೂ ಇಲ್ಲ.

ಬಾಗಿಲ ಬಳಿಯ ಆ ಪೆಟ್ಟಿಗೆಯನ್ನು ತೆಗೆಸಿ, ಬಂದ ಪ್ರತಿ ಪತ್ರಕ್ಕೂ ಮೊಹರು ಹಾಕಿದ ನಕಲನ್ನು ಕೇಳದಿದ್ದರೂ ಕೈಗೆ ಕೊಡಬೇಕೆಂದು ನಾನು ಬರೆದುಕೊಟ್ಟ ಟಿಪ್ಪಣಿಯನ್ನು ಮೇಲಧಿಕಾರಿ ಗೊಣಗುತ್ತಲೇ ಒಪ್ಪಿದರು. ಮುಂದಿನ ವರ್ಷದ ಪರಿಶೀಲನೆಗೆ ಆ ಹೆಂಗಸು ಬಂದಾಗ ಕಾಗದಗಳ ಎರಡೆರಡು ಪ್ರತಿಗಳನ್ನು ತಂದಿದ್ದಳು. ಎರಡಕ್ಕೂ ಮೊಹರು ಹಾಕಿದೆ. ತನ್ನ ಪ್ರತಿಯನ್ನು ಬೂಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ ಮೇಲೂ ಎದ್ದುಹೋಗದೆ, ನನ್ನ ಪ್ರತಿಯನ್ನು ಅವಳ ಕಡತಕ್ಕೆ ನಾನು ಸೇರಿಸುವವರೆಗೂ ಕುಳಿತೇ ಇದ್ದಳು.